ಎಡಗಡೆಯ ಸ್ಪ್ರಿಂಗು

ಮಕ್ತಲ್
19 ಆಗಸ್ಟ್ 2014, ಮಂಗಳವಾರ

ಸಾಯಿಪ್ರಸಾದನಿಗೆ,

ಬೆಳಿಗ್ಗೆ ಹನ್ನೊಂದು ಗಂಟೆ. ಇವತ್ತು ಯಾರೂ ಮನೆಯಿಂದ ಹೊರಗೆ ಹೋಗಬಾರದೆಂದು ಹುಕುಂ ಆಗಿದೆ. ಹೊಸ ರಾಜ್ಯದಲ್ಲಿ ಯಾವ ಮನೆಯಲ್ಲಿ ಎಷ್ಟು ಜನ ಎಂದು ಒಂದೇ ದಿನದಲ್ಲಿ ಬರೆದುಕೊಳ್ಳುತ್ತಾರಂತೆ. ಬಸ್ಸಿಲ್ಲ, ಅಂಗಡಿ ತೆರೆದಿಲ್ಲ. ಬೇಗ ರೊಟ್ಟಿ ಬಡಿದೆ, ಮಗ್ಗದವರಿಗೆ ಕೊಡಬೇಕಾದ ಕಂಡಿಕೆಗಳಿಗೆ ನೂಲು ಸುತ್ತಿದೆ, ಆಮೇಲೆ ಬಾಗಿಲಲ್ಲಿ ಕುಳಿತೆ. ಹತ್ತು ಗಂಟೆಗೆ ಬರೆಯುವ ಹುಡುಗಿ ಬಂದಳು. ಸ್ರವಂತಿ ಎಂದು ಹೆಸರು, ಧನ್ವಾಡದವಳು. ನನ್ನ ಮಾತು ಕೇಳಿ ತಾನೂ ಕನ್ನಡಕ್ಕೆ ಬಂದಳು.

"ಮನ್ಯಾಗ ಎಷ್ಟ್ ಮಂದಿ ಅದೀರಿ ಅಮ್ಮ?"

"ಒಬ್ಬಾಕಿ."

"ರೇಷನ್ ಕಾರ್ಡಿನ್ಯಾಗ ಇಬ್ರದು ಐತಲ್ರಿ."

"ಕಾರ್ಡು ಹಳೇದು."

ಅವಳು ಮತ್ತೆ ಕೇಳಲಿಲ್ಲ. ಬಸುವಿನ ಹೆಸರು, ಬಸವಪ್ರಸಾದ ಎಂದು, ಅರ್ಧ ಬರೆದಿದ್ದಳು, ಅದರ ಮೇಲೆ ಒಂದು ಗೆರೆ ಎಳೆದಳು. ಪಕ್ಕದ ಮನೆಯ ಕಿಷ್ಟಪ್ಪ ಗೋಡೆಯ ಆಚೆಯಿಂದ, "ನಾಕ್ ವರ್ಸ ಇನ್ನೊಬ್ಬಾಂವ ಉಂಡ್ಕೊಂತ ಇದ್ದ ಆ ಮನ್ಯಾಗ, ಅವಂದೂ ಹಚ್ಚವಾ" ಎಂದ. ಅವನಿಗೆ ಎಲ್ಲವೂ ತಮಾಷೆ. ಹುಡುಗಿ ನನ್ನ ಮುಖ ನೋಡಿದಳು.

"ಆಂವ ಗದ್ವಾಲದಾಂವ. ಅವ್ರ ಮನ್ಯಾಗ ಬರಕೊಂತಾರ" ಎಂದೆ.

ಅವಳು ಹೋದ ಮೇಲೆ ಈ ಹಾಳೆ ತೆಗೆದೆ. ಫೋನು ಮಾಡಬಹುದಿತ್ತು. ನಿನ್ನ ದನಿ ಕೇಳಲು ನನಗೆ ಇಷ್ಟವಿಲ್ಲ. ಗ್ಯಾರೇಜಿನಿಂದ ಬಂದು, ಗ್ರೀಸಿನ ಕೈಯಲ್ಲಿ, ನನ್ನ ಡೈರಿಯ ಹಿಂದಿನ ಹಾಳೆಗಳಲ್ಲಿ ಕನ್ನಡ ಅಕ್ಷರ ತಿದ್ದಿದವನು ನೀನು. ಓದಲು ಬರುತ್ತದೆ, ಬರೆಯಲೂ ಬರುತ್ತದೆ.

ನನಗೆ ಗೊತ್ತಿರುವಷ್ಟನ್ನು ಬರೆಯುತ್ತೇನೆ. ಉಳಿದದ್ದು ನೀನು ಬರೆಯಬೇಕು.

ಜೂನ್ ಎರಡು, ಸೋಮವಾರ. ಹೊಸ ರಾಜ್ಯ ಬಂದ ದಿನ. ನಿನ್ನ ಗ್ಯಾರೇಜಿಗೆ ರಜೆ. ಸಂಜೆ ಊರಲ್ಲಿ ಗಾಡಿಗಳ ಮೆರವಣಿಗೆ ಇತ್ತು, ಅಷ್ಟರೊಳಗೆ ಬಸುವಿನ ಆಲ್ಟೊ ತಗ್ಗಾಗಬೇಕಿತ್ತು. ಹೈದರಾಬಾದಿನಿಂದ ಗಿಡ್ಡ ಸ್ಪ್ರಿಂಗು ತರಿಸಿದ್ದ, ನಾಲ್ಕು, ಕೆಂಪು ಬಣ್ಣದವು. ಮುಂದಿನ ಎರಡನ್ನು ಭಾನುವಾರ ಗ್ಯಾರೇಜಿನಲ್ಲೇ ಹಾಕಿದ್ದಿರಿ. ಹಿಂದಿನ ಎರಡಕ್ಕೆ ಗ್ಯಾರೇಜಿನ ದೊಡ್ಡ ಜ್ಯಾಕು ಕೇಳಿ ತಂದು ನಮ್ಮ ಅಂಗಳದಲ್ಲಿ ಕುಳಿತಿರಿ.

ನಾನು ಚಹಾ ತಂದಾಗ ಹೇಳಿದ್ದೆ: "ಸೀರಿ ಗಂಟು ಹೇರಾಕ ತಗೊಂಡ ಗಾಡಿ. ಎತ್ತರ ಇದ್ದದ್ದನ್ನ ಯಾಕ ಗಿಡ್ಡ ಮಾಡ್ತೀಯೋ?"

"ನೆಲಕ್ಕ ಹತ್ತಿ ಹೋಗ್ಬೇಕವ್ವ, ಹಾವಿನಂಗ."

ನೀನು ನಕ್ಕೆ. "ಅಮ್ಮ, ನಾಳಿಂದ ಇವನ ಗಾಡಿ ಕೆಳಗ ಬೆಕ್ಕು ಸೈತ ಮಲಗಂಗಿಲ್ಲ. ಜೂರಾಲ ರೋಡಿನ ಜಂಪಿಗೆ ಬಡದು ಎಣ್ಣಿ ಚೇಂಬರ್ ಒಡೀತಂದ್ರ ನನ್ನ ಕರೀಬ್ಯಾಡಂತ ಈಗ ಹೇಳಿಡ್ರಿ."

"ಒಡದ್ರ ನಿನ್ನ ತಲಿ ಇಡ್ತೀನಿ ಅದರ ಕೆಳಗ" ಎಂದ ಅವನು.

ಹನ್ನೆರಡಕ್ಕೆ ಬಲಗಡೆಯದು ಕೂತಿತು. ಎಡಗಡೆ ಶುರು ಮಾಡಿದಿರಿ. ಒಂದು ಗಂಟೆಗೆ ನಾನು ಬಾಗಿಲಿಗೆ ಬಂದು ಊಟಕ್ಕೆ ಕರೆದು ಒಳಗೆ ತಿರುಗಿದೆ. ರಸ್ತೆಯಲ್ಲಿ ಮೈಕಿನ ಗಾಡಿ ಹಾಡು ಹಾಕಿಕೊಂಡು ಹೋಗುತ್ತಿತ್ತು. ಆ ಹಾಡಿನ ಒಳಗಿಂದಲೂ ಸದ್ದು ಕೇಳಿತು. ಹೊರಗೆ ಬಂದಾಗ ಗಾಡಿ ನೆಲದ ಮೇಲಿತ್ತು. ಜ್ಯಾಕಿನ ಹಿಡಿ ನಿನ್ನ ಕೈಯಲ್ಲಿತ್ತು.

ಆಸ್ಪತ್ರೆಯಲ್ಲಿ ಪೊಲೀಸರು ಏನಾಯಿತು ಎಂದು ಕೇಳಿದರು. "ಸಾಯಿ ಬಿಟ್ಟ" ಎಂದೆ. ನಾನು ಹೇಳಿದ್ದು ಅಷ್ಟೇ. ಅವರು ತೆಲುಗಿನಲ್ಲಿ ಬರೆದುಕೊಂಡರು, ಕೇಸಾಯಿತು. ಅವನನ್ನು ಮಣ್ಣು ಮಾಡಿದ ದಿನ ನೀನು ಸ್ಟೇಷನ್ನಿನಲ್ಲಿದ್ದೆ, ಬರುವ ಹಾಗಿರಲಿಲ್ಲ. ಜಾಮೀನು ಸಿಕ್ಕ ಮೇಲೆ ಬರಬಹುದಿತ್ತು. ನೆಟ್ಟಗೆ ಗದ್ವಾಲದ ಬಸ್ಸು ಹತ್ತಿದೆ.

ನಾನು ಕೇಳುವುದು ಒಂದೇ. ಯಾಕೆ ಬಿಟ್ಟೆ?

ಬಸವಪ್ರಸಾದನ ತಾಯಿ
ಶಂಕ್ರಮ್ಮ


ಗದ್ವಾಲ
3 ಸೆಪ್ಟೆಂಬರ್ 2014

ಅಮ್ಮನವರಿಗೆ,

ಸಾಯಿಪ್ರಸಾದ್ ಬರೆಯುವುದು. ನಿಮ್ಮ ಕಾಗದ ಬಂದು ಹತ್ತು ದಿನವಾಯಿತು. ಮೂರು ಸಲ ಬರೆದು ಹರಿದೆ. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ.

ಆ ಜ್ಯಾಕಿನ ಹಿಡಿಯನ್ನು ಬಲಕ್ಕೆ ತಿರುಗಿಸಿ ಬಿಗಿದು ಒತ್ತಿದರೆ ಗಾಡಿ ಏರುತ್ತದೆ. ಎಡಕ್ಕೆ ತಿರುಗಿಸಿದರೆ ಇಳಿಯುತ್ತದೆ. ಸ್ವಲ್ಪವೇ ತಿರುಗಿಸಿದರೆ ನಿಧಾನವಾಗಿ, ಪೂರ್ತಿ ತಿರುಗಿಸಿದರೆ ಒಮ್ಮೆಗೇ. ಬೆಳಗಿನಿಂದ ನಮ್ಮಿಬ್ಬರ ನಡುವೆ ಎರಡೇ ಮಾತು. ಬಸು ಕೆಳಗಿನಿಂದ "ಎತ್ತು" ಅಂದರೆ ಎತ್ತುತ್ತಿದ್ದೆ. "ಬಿಡು" ಅಂದರೆ ಇಳಿಸುತ್ತಿದ್ದೆ.

ಗಾಡಿಯ ಕೆಳಗೆ ಹೋಗುವಾಗ ಜ್ಯಾಕನ್ನು ನಂಬಬಾರದು, ಆಸರೆಗೆ ಕಲ್ಲು ಕೊಡಬೇಕು. ಬಲಗಡೆ ಕೊಟ್ಟಿದ್ದೆವು. ಎಡಗಡೆ ಗೋಡೆ ಹತ್ತಿರ, ಕಲ್ಲು ಕೈಗೆ ಅಡ್ಡ ಬರುತ್ತದೆ ಎಂದು ಬಸು ಸರಿಸಿದ. ಬೇಡ ಅನ್ನಬೇಕಾದವನು ನಾನು. ಅದು ನನ್ನ ಕಸುಬು. ನಾನು ಅನ್ನಲಿಲ್ಲ.

ಬಸು "ಬಿಡು" ಅಂದ. ನಾನು ಬಿಟ್ಟೆ. ಅವನು ಇನ್ನೂ ಒಳಗಿದ್ದಾನೆಯೇ ಎಂದು ಬಗ್ಗಿ ನೋಡಲಿಲ್ಲ. ಪೊಲೀಸರಿಗೂ ಇದನ್ನೇ ಹೇಳಿದ್ದೇನೆ. ತಪ್ಪು ನನ್ನದೇ.

ನಿಮ್ಮ ಮುಂದೆ ಬಂದು ನಿಲ್ಲಲು ಧೈರ್ಯ ಆಗಲಿಲ್ಲ. ವಕೀಲರೂ ಹೋಗಬೇಡ ಅಂದರು. ವಕೀಲರು ಅನ್ನದಿದ್ದರೂ ನಾನು ಬರುತ್ತಿರಲಿಲ್ಲ.

ನೀವು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರಾ?

ನಿಮ್ಮ ಮನೆಯ ರೊಟ್ಟಿ ತಿಂದವನು
ಸಾಯಿ


ಮಕ್ತಲ್
8 ಅಕ್ಟೋಬರ್ 2014, ಬುಧವಾರ

ಸಾಯಿಪ್ರಸಾದನಿಗೆ,

ಮಧ್ಯಾಹ್ನ ಎರಡೂವರೆ. ಇವತ್ತು ಸ್ಟೇಷನ್ನಿಗೆ ಹೋಗಿದ್ದೆ. ಗಾಡಿಯೊಳಗೆ ಬಸುವಿನ ಚೀಲವೊಂದು ಉಳಿದಿತ್ತು, ಅದರಲ್ಲಿ ಸೀರೆಯವರ ರಸೀತಿ ಪುಸ್ತಕ. ಕೋರ್ಟಿನ ಕಾಗದ ಇಲ್ಲದೆ ಏನೂ ಕೊಡುವುದಿಲ್ಲ ಎಂದರು. ನೋಡಲು ಬಿಟ್ಟರು.

ಹಿಂದೆ ಬೇವಿನ ಮರದ ಕೆಳಗೆ ನಿಲ್ಲಿಸಿದ್ದಾರೆ. ಎಳೆದು ತರುವುದಕ್ಕೆಂದು ಎಡಗಡೆಗೆ ಹಳೆಯ ಸ್ಪ್ರಿಂಗನ್ನೇ ಹಾಕಿಸಿದ್ದಾರೆ. ಬಲಗಡೆ ಹೊಸದು, ಎಡಗಡೆ ಹಳೆಯದು. ಗಾಡಿ ಒಂದು ಕಡೆಗೆ ಕುಂತಿದೆ. ಪೊಲೀಸಿನವನು, "ಏನಮ್ಮ, ನಿಮ್ಮ ಗಾಡಿಗಿ ಪಾರ್ಶ್ವ ಹೊಡ್ದೈತಿ" ಎಂದ. ಅದು ಯಾವ ಕೇಸಿನ ಗಾಡಿ ಎಂದು ಅವನಿಗೆ ಆಮೇಲೆ ತಿಳಿಯಿತು. ಕುರ್ಚಿ ತಂದು ಹಾಕಿದ. ನಾನು ಕೂರಲಿಲ್ಲ.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅದರಲ್ಲಿ ಒಂದು ಮಾತನ್ನು ತೆಗೆದು ಡೈರಿಯಲ್ಲಿ ಬೇರೆ ಪುಟಕ್ಕೆ ಬರೆದುಕೊಂಡಿದ್ದೇನೆ. "ಬಿಡು." ಆ ಪುಟದಲ್ಲಿ ಬೇರೇನೂ ಬರೆದಿಲ್ಲ. ಬಸುವಿನ ಅಪ್ಪ ಹೋಗುವಾಗ ನೀರು ಕೇಳಿದ್ದರು, ಆಗ ಇವನಿಗೆ ಆರು ವರ್ಷ. ಹದಿನೆಂಟು ವರ್ಷ ಆ ಒಂದು ಮಾತು ಇಟ್ಟುಕೊಂಡು ಬದುಕಿದೆ. ಈಗ ಇದು.

ಹೇಗೆ ಅಂದ? ಕೂಗಿ ಅಂದನೋ, ಮೆಲ್ಲಗೆ ಅಂದನೋ? ಬೆಳಿಗ್ಗೆಯ ಹಾಗೆ ನಗುತ್ತಿದ್ದನೋ, ದಣಿದಿದ್ದನೋ? ಬರೀ "ಬಿಡು" ಅಂದನೋ, "ಬಿಡೋ ಸಾಯಿ" ಅಂದನೋ? ಇದನ್ನೆಲ್ಲ ಕೇಳಲು ನಿನ್ನ ಬಿಟ್ಟರೆ ನನಗೆ ಇನ್ನೊಬ್ಬರಿಲ್ಲ. ಅದೇ ನನಗೆ ಹೇಸಿಗೆ.

ಮತ್ತೊಂದು. ಅವನು ಬಿಡು ಅಂದರೆ ನೀನು ಬಿಟ್ಟುಬಿಡುವುದೇ? ಎರಡು ಕಣ್ಣಿದ್ದವು. ಮೊಣಕಾಲೂರಿ ಬಗ್ಗಿದ್ದರೆ ಅವನ ಕಾಲು ಕಾಣುತ್ತಿತ್ತು. ಬಗ್ಗುವುದಕ್ಕೆ ಎಷ್ಟು ಹೊತ್ತು ಬೇಕು? ನಾನು ಅಳತೆ ಮಾಡಿ ನೋಡಿದ್ದೇನೆ, ಅದೇ ಅಂಗಳದಲ್ಲಿ, ಈ ವಯಸ್ಸಿನ ಮೊಣಕಾಲಿನಲ್ಲಿ. ಒಂದು, ಎರಡು ಎನ್ನುವಷ್ಟರಲ್ಲಿ ಆಗುತ್ತದೆ.

ಉಣ್ಣುತ್ತೀರಾ ಎಂದು ಕೇಳಿದ್ದೀಯ. ಅದು ನಿನಗೆ ಸೇರಿದ್ದಲ್ಲ.

ಬಸವಪ್ರಸಾದನ ತಾಯಿ
ಶಂಕ್ರಮ್ಮ


ಗದ್ವಾಲ
2 ನವೆಂಬರ್ 2014

ಅಮ್ಮನವರಿಗೆ,

ಹೇಗೆ ಅಂದ ಎಂದು ಕೇಳಿದ್ದೀರಿ. ಜೋರಾಗಿ ಅಲ್ಲ, ಮೆಲ್ಲಗೂ ಅಲ್ಲ. ದಿನಾ ಮನೆಯಲ್ಲಿ ಅನ್ನುವ ಹಾಗೆಯೇ. ಇದಕ್ಕಿಂತ ಹೆಚ್ಚು ಕೇಳಬೇಡಿ ಅಮ್ಮ, ಕೈ ಮುಗಿಯುತ್ತೇನೆ.

ಬಗ್ಗಿ ನೋಡಬೇಕಿತ್ತು.

ಗ್ಯಾರೇಜಿನ ಕೆಲಸ ಬಿಟ್ಟೆ. ಜ್ಯಾಕು ಮುಟ್ಟಲಾರೆ. ನಮ್ಮಪ್ಪನ ಮಗ್ಗದಲ್ಲಿ ಕೂರುತ್ತೇನೆ. ಹುಟ್ಟಿದಾಗಿನಿಂದ ನೋಡಿದ ಕೆಲಸ, ಆದರೂ ನನ್ನ ಅಂಚು ಸರಿ ಬರುವುದಿಲ್ಲ. ಅಪ್ಪ ಬಿಚ್ಚಿ ಮತ್ತೆ ನೇಯುತ್ತಾನೆ. ಬಸ್ ಡಿಪೋದ ಮೆಕ್ಯಾನಿಕ್ ಕೆಲಸಕ್ಕೆ ಹೋದ ವರ್ಷ ಅರ್ಜಿ ಹಾಕಿದ್ದೆನಲ್ಲ, ಬಸುವೇ ಫಾರ್ಮು ತುಂಬಿದ್ದು. ಹೆಸರು ಬಂದಿದೆ. ಕೇಸಿಲ್ಲ ಎಂದು ಪೊಲೀಸರ ಕಾಗದ ತರಬೇಕಂತೆ.

ಇದನ್ನು ನಿಮಗೆ ಯಾಕೆ ಬರೆದೆನೋ. ಹರಿಯಬೇಕೆಂದಿದ್ದೆ, ಇದ್ದದ್ದು ಇದೊಂದೇ ಹಾಳೆ.

ಸಾಯಿ


ಮಕ್ತಲ್
17 ಜನವರಿ 2015, ಶನಿವಾರ

ಸಾಯಿಪ್ರಸಾದನಿಗೆ,

ಸಂಜೆ ಐದು ಗಂಟೆ. ಎರಡು ತಿಂಗಳು ನಾನು ಬರೆಯಲಿಲ್ಲ. ನಿನ್ನ ಕೆಲಸಕ್ಕೆ ಕೇಸು ಅಡ್ಡವಾಗಿದೆ ಎಂದು ಓದಿ ನನಗೆ ಸಂತೋಷವಾಗಿತ್ತು, ಅದಕ್ಕೇ ಬರೆಯಲಿಲ್ಲ. ಕೆಲಸ ಹೋಗಲಿ ಎಂದುಕೊಂಡೆ. ನನ್ನ ಮಗನ ಕೈಬರಹದ ಫಾರ್ಮಿನಿಂದ ನೀನು ಉಣ್ಣಬಾರದು ಎಂದುಕೊಂಡೆ. ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ.

ಮೊನ್ನೆ ಸಂಕ್ರಾಂತಿಯ ದಿನ ನಿನ್ನ ತಾಯಿ ಪೋಚಮ್ಮ ಬಂದಿದ್ದಳು. ನಿನಗೆ ಹೇಳದೆ ಬಂದಳಂತೆ. ಒಳಗೆ ಬಾ ಎಂದು ನಾನು ಕರೆಯಲಿಲ್ಲ, ಅವಳೂ ಹೊಸ್ತಿಲು ದಾಟಲಿಲ್ಲ. ಮೆಟ್ಟಿಲ ಮೇಲೆ ಕುಳಿತು, "ವದಿನಾ, ನೀ ಕೊಡುಕು ಪೋಯಿಂಡು. ನಾ ಕೊಡುಕುನು ಗೂಡ ತೀಸ್ಕಪೋತವಾ?" ಎಂದಳು. ಅತ್ತಿಗೆ, ನಿನ್ನ ಮಗ ಹೋದ, ನನ್ನ ಮಗನನ್ನೂ ಒಯ್ಯುತ್ತೀಯಾ, ಎಂದು.

"ನಿನ್ ಮಗ ಜೀವಂತ ಅದಾನ" ಎಂದೆ.

"ಉಣ್ಣಂಗಿಲ್ಲ, ಮಾತಾಡಂಗಿಲ್ಲ. ಜೀವಂತ ಅಂತ ನಿಂಗ್ಯಾರ್ ಹೇಳಿದ್ರು?" ಎಂದು ಅವಳೂ ಕನ್ನಡಕ್ಕೆ ತಿರುಗಿದಳು.

ಆಮೇಲೆ ಅವಳು ಸೆರಗಿನಿಂದ ಒಂದು ಕಾಗದದ ಕಟ್ಟು ತೆಗೆದು ಇಟ್ಟಳು. ಪೊಲೀಸರು ಕೋರ್ಟಿಗೆ ಕೊಟ್ಟದ್ದರ ನಕಲು. ವಕೀಲರ ಹತ್ತಿರ ಮಾಡಿಸಿದ್ದಂತೆ. "ನಂಗ್ ಓದಾಕ ಬರಂಗಿಲ್ಲ. ನೀ ಓದ್ಸಿ ನೋಡು, ನನ್ ಮಗ ಅಂಥಾಂವ ಏನಂತ" ಎಂದು ಎದ್ದು ಹೋದಳು. ನೀರು ಕೂಡ ಕುಡಿಯಲಿಲ್ಲ. ನಾನು ಕೊಡಲಿಲ್ಲ.

ನನಗೆ ಕನ್ನಡ ಬಿಟ್ಟರೆ ಬೇರೆ ಓದು ಬಾರದು, ಏಳನೆಯ ತರಗತಿ. ಇವತ್ತು ಮಹಾಂತಯ್ಯ ಮೇಷ್ಟ್ರ ಮನೆಗೆ ಹೋದೆ. ಬಸುವಿಗೆ ಕಲಿಸಿದವರು. ಒಂದೊಂದು ಸಾಲು ತೆಲುಗಿನಲ್ಲಿ ಓದಿ ಕನ್ನಡದಲ್ಲಿ ಹೇಳಿದರು. ನಿನ್ನ ಹೇಳಿಕೆ ಬಂತು: ಮೃತನು "ವದುಲು", ಅಂದರೆ ಬಿಡು, ಅಂದುದರಿಂದ ನಾನು ಜ್ಯಾಕನ್ನು ಸಡಿಲಿಸಿದೆ. ಆಮೇಲೆ ಕಿಷ್ಟಪ್ಪನ ಹೇಳಿಕೆ. ಗೋಡೆಯ ಆಚೆ ಎಮ್ಮೆಗೆ ನೀರು ಇಡುತ್ತಿದ್ದೆ, ಮೃತನ ತಾಯಿ ಊಟಕ್ಕೆ ಕರೆದದ್ದು ಕೇಳಿತು, ಆ ಮಾತು ಮುಗಿಯುವ ಮೊದಲೇ ಗಾಡಿ ಬಿದ್ದ ಸದ್ದಾಯಿತು. ಮಧ್ಯೆ ಬೇರೆ ಮಾತು ಕೇಳಲಿಲ್ಲ.

ಮೇಷ್ಟ್ರು ಅಲ್ಲಿ ನಿಂತರು. ಕನ್ನಡಕ ತೆಗೆದು ಒರೆಸಿದರು. "ಉಳಿದದ್ದು ನಾಳೆ ನೋಡೋಣ್ರಿ ಶಂಕ್ರಮ್ಮ" ಎಂದರು.

"ಓದ್ರಿ ಮೇಷ್ಟ್ರ."

"ಮುಂದ ಏನಿಲ್ಲವಾ. ಸಹಿ ಅಷ್ಟ."

ಮನೆಗೆ ಬಂದು ಕುಳಿತಿದ್ದೇನೆ. ಯಾರಿಗೂ ಹೇಳದ ಒಂದು ಸಂಗತಿ ಇದೆ. ನೀನು ಗಾಡಿ ಎತ್ತಿದ ಮೇಲೆ ಅವನನ್ನು ಹೊರಗೆಳೆದಾಗ ಅವನ ಬಾಯಲ್ಲಿ ಬ್ಯಾಟರಿ ಇತ್ತು, ಆ ಸಣ್ಣ ಪೆನ್ನಿನಂಥ ಟಾರ್ಚು. ಗೋಡೆಯ ಕಡೆ ಕತ್ತಲಾಗಿರಬೇಕು. ಎರಡು ಕೈಯಲ್ಲೂ ಸ್ಪ್ರಿಂಗು ಹಿಡಿದಿದ್ದ, ಬ್ಯಾಟರಿಯನ್ನು ಹಲ್ಲಿನಲ್ಲಿ ಕಚ್ಚಿದ್ದ. ಅದು ಇನ್ನೂ ಉರಿಯುತ್ತಿತ್ತು. ನಾನೇ ಅವನ ಹಲ್ಲು ಬಿಡಿಸಿ ತೆಗೆದೆ. ನೀನು ಅಷ್ಟರಲ್ಲಿ ರಸ್ತೆಗೆ ಓಡಿ, ಆಸ್ಪತ್ರೆಗೆ ಒಯ್ಯಲು ಜನರನ್ನು ಕೂಗುತ್ತಿದ್ದೆ. ಅವನ ಬಾಯಿಂದ ಬ್ಯಾಟರಿ ತೆಗೆದದ್ದು ಇಷ್ಟು ತಿಂಗಳು ನನ್ನ ಕೈಗೆ ನೆನಪಿತ್ತು, ಅದರ ಅರ್ಥ ತಲೆಗೆ ಬಂದಿರಲಿಲ್ಲ. ಇವತ್ತು ಮೇಷ್ಟ್ರ ಮನೆಯಿಂದ ನಡೆದು ಬರುವಾಗ ಬಂತು.

ಬ್ಯಾಟರಿ ಕಚ್ಚಿದವನು ಬಿಡು ಎನ್ನಲಾರ.

ಊಟಕ್ಕೆ ಕರೆಯುವಾಗ ನಾನು ಏನೆಂದೆ ಎಂದು ನನಗೆ ಗೊತ್ತಿದೆ. ಇಪ್ಪತ್ತು ವರ್ಷದಿಂದ ಅನ್ನುವುದು ಅದೇ. ಗೋಲಿ ಆಡುವಾಗಲೂ ಅದೇ, ಓದುವಾಗಲೂ ಅದೇ. ಆದರೆ ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ನೀನು ಬರೆ. ನಿನ್ನ ಕೈಯಿಂದ ಬರಬೇಕು.

ಶಂಕ್ರಮ್ಮ


ಗದ್ವಾಲ
5 ಫೆಬ್ರವರಿ 2015

ಅಮ್ಮ,

ಬಸು ಏನೂ ಅನ್ನಲಿಲ್ಲ.

ನೀವು ಬಾಗಿಲಿಗೆ ಬಂದು, "ಬಿಡು ಇನ್ನ, ರೊಟ್ಟಿ ಆರಾಕತ್ತಾವ" ಅಂದಿರಿ. ನನಗೆ ಬೆನ್ನ ಹಿಂದೆ ಬಾಗಿಲು. ರಸ್ತೆಯಲ್ಲಿ ಹಾಡು. ನನಗೆ ಕೇಳಿದ್ದು ಮೊದಲ ಮಾತು ಒಂದೇ. ಬೆಳಗಿನಿಂದ ಆ ಮಾತಿಗೆ ತಿರುಗಿಸಿ ತಿರುಗಿಸಿ ಕೈಗೆ ಅಭ್ಯಾಸವಾಗಿತ್ತು. ಗಂಡು ದನಿಯೋ ಹೆಣ್ಣು ದನಿಯೋ ಎಂದು ಕಿವಿ ಕೇಳುವ ಮುಂಚೆ ಕೈ ತಿರುಗಿತ್ತು.

ನಮ್ಮ ಮನೆಯಲ್ಲಿ ಸಾಕು ನಿಲ್ಲಿಸು ಅನ್ನಲು ಒಂದು ಮಾತು, ಕೈ ಸಡಿಲ ಮಾಡು ಅನ್ನಲು ಇನ್ನೊಂದು ಮಾತು. ನಮ್ಮಮ್ಮ ಊಟಕ್ಕೆ ಕರೆದರೆ "ಆಪುರಾ" ಅನ್ನುತ್ತಾಳೆ. ನಿಮ್ಮಲ್ಲಿ ಎರಡಕ್ಕೂ ಒಂದೇ. ನಾಲ್ಕು ವರ್ಷ ನಿಮ್ಮ ಮನೆಯಲ್ಲಿ ಇದ್ದವನಿಗೆ ಅದು ಗೊತ್ತಿಲ್ಲವೇ? ನನಗೂ ದಿನಾ ಅನ್ನುತ್ತಿದ್ದಿರಿ, "ಬಿಡೋ ಸಾಯಿ, ಕೈ ತೊಳಕೋ" ಅಂತ. ನನಗೆ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ.

ಸ್ಟೇಷನ್ನಿನಲ್ಲಿ ಯಾರು ಬಿಡು ಅಂದರು ಎಂದು ಕೇಳಿದರು. ನೀವು ಆಸ್ಪತ್ರೆಯ ನೆಲದ ಮೇಲೆ ಕುಳಿತದ್ದನ್ನು ನೋಡಿ ಬಂದಿದ್ದೆ. ಬಸು ಅಂದ ಎಂದೆ. ಒಮ್ಮೆ ಹೇಳಿದ ಮೇಲೆ ನಿಮಗೂ ಅದನ್ನೇ ಬರೆಯಬೇಕಾಯಿತು. ನೀವು ಅದನ್ನು ಡೈರಿಯಲ್ಲಿ ಬೇರೆ ಪುಟಕ್ಕೆ ಬರೆದುಕೊಂಡಿದ್ದೀರಿ ಎಂದು ಓದಿದ ದಿನ ಮಗ್ಗದಿಂದ ಎದ್ದು ನದಿಯ ತನಕ ನಡೆದೆ. ಏನು ಮಾಡಬೇಕೋ ತಿಳಿಯದೆ ಹಿಂದಕ್ಕೆ ಬಂದೆ.

ನಮ್ಮಮ್ಮ ಬಂದದ್ದು ನನಗೆ ಗೊತ್ತಿರಲಿಲ್ಲ. ಅವಳ ಮೇಲೆ ಸಿಟ್ಟು ಮಾಡಬೇಡಿ.

ಮಾರ್ಚ್ ಎರಡಕ್ಕೆ ನಾರಾಯಣಪೇಟೆ ಕೋರ್ಟಿನಲ್ಲಿ ವಾಯಿದೆ ಇದೆ. ನಾನು ತಪ್ಪು ಒಪ್ಪಿಕೊಳ್ಳುತ್ತೇನೆ. ವಕೀಲರು ಬೇಡ ಅನ್ನುತ್ತಾರೆ, ಕೆಲಸ ಹೋಗುತ್ತದೆ ಅನ್ನುತ್ತಾರೆ. ಹೋಗಲಿ. ಕಲ್ಲು ಇಡದೆ ಇದ್ದದ್ದು ನಿಜ, ಬಗ್ಗಿ ನೋಡದೆ ಇದ್ದದ್ದು ನಿಜ. ಅದಕ್ಕೆ ನಿಮ್ಮ ಮಾತು ಬೇಕಿಲ್ಲ. ನೀವು ಏನೂ ಹೇಳಬೇಡಿ. ಕೋರ್ಟಿನಲ್ಲಿ ಹತ್ತು ಜನರ ಮುಂದೆ ನಿಮ್ಮ ಬಾಯಿಂದ ಅದು ಬರುವುದನ್ನು ನಾನು ನಿಂತು ಕೇಳಲಾರೆ.

ಈ ಒಂದು ಸಲ ನನ್ನ ಮಾತು ಕೇಳಿ ಅಮ್ಮ.

ಸಾಯಿ


ಮಕ್ತಲ್
1 ಮಾರ್ಚ್ 2015, ಭಾನುವಾರ

ಸಾಯಿಪ್ರಸಾದನಿಗೆ,

ಮಧ್ಯಾಹ್ನ ನಾಲ್ಕು ಗಂಟೆ. ಬೆಳಿಗ್ಗೆ ಬಾವಿಯ ಹತ್ತಿರ ಬಟ್ಟೆ ಒಗೆದೆ. ಬಿಳಿಯ ಸೀರೆಗೆ ಇಸ್ತ್ರಿ ಮಾಡಿಸಿದೆ. ಕಂಡಿಕೆ ಸುತ್ತಲಿಲ್ಲ. ಹತ್ತು ಗಂಟೆಗೆ ಮಹಾಂತಯ್ಯ ಮೇಷ್ಟ್ರು ತಾವೇ ಬಂದರು, ಕೋರ್ಟಿಗೆ ನನ್ನ ಅರ್ಜಿ ಬರೆಯಲು. ನಾನು ಹೇಳುತ್ತಾ ಹೋದೆ, ಅವರು ತೆಲುಗಿನಲ್ಲಿ ಇಳಿಸುತ್ತಾ ಹೋದರು. ಆ ಮಾತು ಬಂದಾಗ ನಿಂತರು.

"ಬಿಡು ಅನ್ನೋದಕ್ಕ ವದುಲು ಅಂತ ಬರೀಲ್ಯಾ?"

"ವದುಲು ಅಂದ್ರ ಯಾವ ಅರ್ಥದ ಬಿಡು ಮೇಷ್ಟ್ರ?"

"ಕೈ ಬಿಡು. ಸಡ್ಲ ಮಾಡು."

"ನಾ ಹಂಗ ಅಂದಿಲ್ರಿ. ಸಾಕು, ಉಣ್ಣಾಕ ಬಾ ಅಂದೀನಿ."

"ಹಂಗಾರ ಆಪು ಅಂತ ಬರೀತೀನಿ. ನಿಲ್ಸು ಅಂತ."

"ಆಂವ ಹಂಗ ಕೇಳಿಲ್ರಿ."

ಮೇಷ್ಟ್ರು ಪೆನ್ನನ್ನು ಹಾಳೆಯ ಮೇಲೆ ಮಲಗಿಸಿದರು. "ಶಂಕ್ರಮ್ಮ, ವದುಲು ಅಂತ ಬರದ್ರ ನಿನ್ನ ಕೊರಳಿಗಿ. ಆಪು ಅಂತ ಬರದ್ರ ಅವನ ಕೊರಳಿಗಿ. ಎರಡ್ರಾಗ ಒಂದು ಹೇಳು. ತೆಲುಗಿನ್ಯಾಗ ಎರಡೂ ಒಂದ ಮಾತಿನ್ಯಾಗ ಬರಂಗಿಲ್ಲ."

ನಾನು ಎದ್ದು ಒಳಗೆ ಹೋದೆ. ಅವರಿಗೆ ಚಹಾ ಮಾಡಿ ಕೊಟ್ಟೆ. ನಿಜ ಹೇಳುತ್ತೇನೆ, ಆಪು ಎಂದು ಬರೆಸಲು ನಾಲಿಗೆಯ ತುದಿಯವರೆಗೆ ಬಂದಿತ್ತು. ಅದು ಸುಳ್ಳೂ ಅಲ್ಲ. ತಾಯಿ ನಿಲ್ಲಿಸು ಎಂದಳು, ಗೆಳೆಯ ಸಡಿಲ ಮಾಡಿದ. ಕೇಳಿದವರೆಲ್ಲ ನನ್ನ ಕಡೆಗೇ ಆಗುತ್ತಿದ್ದರು. ಅದೂ ಅಲ್ಲದೆ ನೀನೇ ಒಪ್ಪಿಕೊಳ್ಳಲು ಸಿದ್ಧನಿದ್ದೀಯ, ನನ್ನನ್ನು ಬಾಯಿ ಮುಚ್ಚಿಕೊಂಡಿರಿ ಎಂದು ಕೇಳಿದ್ದೀಯ.

"ಬಿಡು ಅಂತ್ಲೇ ಬರೀರಿ" ಎಂದೆ. "ತೆಲುಗು ಅಕ್ಷರದಾಗ ಬಿಡು ಬರ್ಯಾಕ ಬರ್ತೈತೋ ಇಲ್ಲೋ?"

"ಬರ್ತೈತಿ. ಜಡ್ಜ್ ಸಾಹೇಬ್ರು ಏನು ಇದರ ಅರ್ಥ ಅಂತಾರ."

"ಕೇಳಿದ್ರ ನಾ ಹೇಳ್ತೀನಿ. ಎರಡೂ ಹೇಳ್ತೀನಿ."

ಬರೆದರು. ನಾನು ಅನ್ನುವ ಮಾತನ್ನು ಬೇರೆ ಅಕ್ಷರದಲ್ಲಿ ಮೊದಲ ಸಲ ನೋಡಿದೆ. ಬ್ಯಾಟರಿಯ ಸಂಗತಿಯನ್ನೂ ಬರೆಸಿದೆ. ಅದರ ಕೆಳಗೆ ಸಹಿ ಮಾಡಿದೆ.

ಇದನ್ನು ನಿನ್ನ ಮೇಲಿನ ಮರುಕದಿಂದ ಮಾಡಿದೆ ಎಂದುಕೊಳ್ಳಬೇಡ. ಕಲ್ಲು ಸರಿಸಿದಾಗ ನೀನು ಸುಮ್ಮನಿದ್ದೆ. ಬಗ್ಗಲಿಲ್ಲ. ಅದನ್ನು ನಾನು ಮನ್ನಿಸಿಲ್ಲ, ಮನ್ನಿಸುವುದೂ ಇಲ್ಲ. ಅದಕ್ಕಿಂತ ಹೆಚ್ಚಾಗಿ ಇನ್ನೊಂದಿದೆ. ನನಗೆ ನೋವಾಗಬಾರದೆಂದು ನೀನು ಒಂದು ಸುಳ್ಳು ಕೊಟ್ಟೆ. ಆ ಸುಳ್ಳಿನಿಂದ ನಾಲ್ಕು ತಿಂಗಳು ನನ್ನ ಬಳಿ ಮಗನ ಕೊನೆಯ ಮಾತೊಂದು ಇತ್ತು. ದಿನಾ ತೆಗೆದು ನೋಡುತ್ತಿದ್ದೆ. ಈಗ ನೋಡಿದರೆ ಅದು ನನ್ನದೇ ಮಾತು. ಅವನದು ಏನೂ ಉಳಿಯಲಿಲ್ಲ. ಮೊದಲೇ ನಿಜ ಹೇಳಿದ್ದರೆ ಒಂದೇ ಸಲ ಹೋಗುತ್ತಿತ್ತು.

ದ್ವೇಷಿಸಲು ನೀನೊಬ್ಬನಿದ್ದೆ. ಬೆಳಿಗ್ಗೆ ಎದ್ದರೆ ಅದೊಂದು ಕೆಲಸವಿತ್ತು. ಅದನ್ನೂ ನೀನು ಅರ್ಧ ಕಿತ್ತುಕೊಂಡೆ. ಈಗ ಅರ್ಧ ನಿನ್ನ ಮೇಲೆ, ಅರ್ಧ ನನ್ನ ಮೇಲೆ. ಎರಡೂ ಕಡೆ ಪೂರ್ತಿ ಆಗುವುದಿಲ್ಲ.

ಕೇಸು ಬಿದ್ದು ಹೋದರೆ ಕೆಲಸಕ್ಕೆ ಹೋಗು. ಮೊದಲ ಸಂಬಳ ಬಂತೆಂದು ಹಣ್ಣು ಹಿಡಿದುಕೊಂಡು ನನ್ನ ಬಾಗಿಲಿಗೆ ಬರಬೇಡ. ಪೋಚಮ್ಮನಿಗೆ ಹೇಳು, ಅವತ್ತು ನೀರು ಕೊಡಲಿಲ್ಲ, ಅದು ತಪ್ಪಾಯಿತು. ಅವಳಿಗೆ ಮಾತ್ರ ಹೇಳುತ್ತಿದ್ದೇನೆ.

ಇದನ್ನು ಇವತ್ತು ಬರೆದು ನಾಳೆ ಬಸ್ ನಿಲ್ದಾಣದ ಡಬ್ಬಿಗೆ ಹಾಕುತ್ತೇನೆ. ನಿನಗೆ ಬುಧವಾರವೋ ಗುರುವಾರವೋ ಸಿಗುತ್ತದೆ. ಅಷ್ಟರಲ್ಲಿ ಹೇಳುವುದೆಲ್ಲ ಹೇಳಿ ಆಗಿರುತ್ತದೆ. ಮೊದಲೇ ತಿಳಿದರೆ ನೀನು ತಡೆಯಲು ಬರುತ್ತಿದ್ದೆ, ಬಾಗಿಲಲ್ಲಿ ನಿಂತು ಅಮ್ಮ ಎನ್ನುತ್ತಿದ್ದೆ. ಅದನ್ನು ಕೇಳಿದರೆ ನಾನು ಹೋಗುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಕೋರ್ಟಿನಲ್ಲಿ ನನ್ನನ್ನು ನೋಡಿದಾಗ ಹತ್ತಿರ ಬರಬೇಡ. ನಿನ್ನ ಹೆಸರು ಕರೆಯುವ ಮೊದಲು ನನ್ನ ಅರ್ಜಿ ಅವರ ಮೇಜಿನ ಮೇಲೆ ಇರಬೇಕು, ಅದಕ್ಕೆ ಬೇಗ ಹೋಗುತ್ತೇನೆ. ಮೇಷ್ಟ್ರು ಜೊತೆಗೆ ಬರುತ್ತೇನೆಂದರು, ಬೇಡ ಎಂದೆ.

ಕೋರ್ಟು ತೆರೆಯುವುದು ಹತ್ತೂವರೆಗೆ. ನಾಳೆ ನಾರಾಯಣಪೇಟೆಗೆ ಮೊದಲ ಬಸ್ಸು ಏಳೂ ಕಾಲಿಗೆ.

ಶಂಕ್ರಮ್ಮ